ತಾಯಿಯಿಲ್ಲದ ಬೆಕ್ಕಿನ ಮರಿ: ಮೊದಲು ಬಿಸಿ, ಆಮೇಲೆ ಹಾಲು

ಸೌದೆ ಕೊಟ್ಟಿಗೆಯಲ್ಲಿ ಕಣ್ಣು ಬಿಡದ ಮರಿಗಳು ಕಂಡರೆ ಕೂಡಲೇ ಎತ್ತಬೇಡಿ. ತಾಯಿ ಬೇಟೆಗೆ ಹೋಗಿರಬಹುದು. ದೂರ ನಿಂತು ಒಂದೆರಡು ಗಂಟೆ ನೋಡಿ. ಮರಿಗಳ ಮೈ ತಣ್ಣಗಾಗಿದ್ದರೆ ಮಾತ್ರ ಕಾಯಬಾರದು.

ಕನಿಕರದಿಂದ ಒಡನೆ ಹಾಲು ಕುಡಿಸುವುದೇ ದೊಡ್ಡ ತಪ್ಪು. ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗದು; ಶ್ವಾಸಕೋಶಕ್ಕೆ ಹೋದರೆ ಸಾಯಲೂಬಹುದು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಪಕ್ಕದಲ್ಲಿ ಮಲಗಿಸಿ. ಬಿಸಿ ಹೆಚ್ಚಾದರೆ ಸರಿಯಲು ಜಾಗವಿರಲಿ.

ನೆರೆಮನೆಯಲ್ಲಿ ಹಾಲೂಡುವ ಬೆಕ್ಕಿದ್ದು ಅದು ಸೇರಿಸಿಕೊಂಡರೆ ಬಹಳ ಒಳ್ಳೆಯದು. ಇಲ್ಲವಾದರೆ ಬೆಕ್ಕಿನ ಮರಿಗಳಿಗೆಂದೇ ಸಿಗುವ ಹಾಲುಪುಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಮರಿಯನ್ನು ಬೋರಲು ಹಿಡಿದು ಹನಿಹನಿಯಾಗಿ ಕುಡಿಸಿ. ಅಂಗಾತ ಹಿಡಿಯಬೇಡಿ. ದನದ ಹಾಲಿನಿಂದ ಭೇದಿಯಾಗುತ್ತದೆ. ಮೊದಲ ವಾರ ರಾತ್ರಿಯೂ ಎರಡು ಗಂಟೆಗೊಮ್ಮೆ ಕುಡಿಸಬೇಕು. ಪ್ರತಿಸಲ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಒರೆಸಿ. ಇಲ್ಲವಾದರೆ ಮಲಮೂತ್ರ ಹೋಗದು.

ಹುಟ್ಟುವಾಗ ಸುಮಾರು 100 ಗ್ರಾಂ ಇರುವ ಮರಿ ದಿನಕ್ಕೆ 10 ಗ್ರಾಂನಷ್ಟು ಬೆಳೆಯಬೇಕು. ತೂಕ ಇಳಿದರೆ ಪಶುವೈದ್ಯರಿಗೆ ತೋರಿಸಿ. ನಿಮಗೆ ಕಚ್ಚಿದರೆ, ಪರಚಿದರೆ ಸಾಬೂನಿನಿಂದ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಒಂದೇ ಮನೆಯವರಿಗೆ ಈ ನಿದ್ದೆಗೇಡು ಕಷ್ಟ. ಎರಡು ಮೂರು ಮನೆಯವರು ಸರದಿ ಹಾಕಿಕೊಳ್ಳಿ. ಹೀಗೆ ಉಳಿದ ಮರಿ ನಾಳೆ ನಮ್ಮ ಅಟ್ಟದ ಭತ್ತವನ್ನು ಇಲಿಗಳಿಂದ ಕಾಯುತ್ತದೆ.