ಹಳೆ ಯಂತ್ರಕ್ಕೆ ಹೊಸ ಬಾಗಿಲು, ಬೀಗ ಎಲ್ಲಿ?

ತೂಕದ ಯಂತ್ರಗಳಲ್ಲಿ ಇಂದಿಗೂ ಉಳಿದಿರುವ ಆರ್‌ಎಸ್-232 ಸೀರಿಯಲ್ ಪೋರ್ಟ್ 1960ರ ಮಾನದಂಡ. ಅದರ ಕೇಬಲ್ಲು ಸಾಮಾನ್ಯವಾಗಿ 15 ಮೀಟರ್ ದಾಟದು. ಡಿವೈಸ್ ಸರ್ವರ್ ಎಂಬ ಪುಟ್ಟ ಪೆಟ್ಟಿಗೆ ಅದನ್ನು ಈಥರ್ನೆಟ್ ಜಾಲಕ್ಕೆ ಸೇರಿಸುತ್ತದೆ. ಸ್ಥಿರ ಐಪಿ ವಿಳಾಸ ಕೊಟ್ಟು, ಬಾಡ್ ರೇಟ್, ಪ್ಯಾರಿಟಿ, ಸ್ಟಾಪ್ ಬಿಟ್‌ಗಳನ್ನು ಯಂತ್ರಕ್ಕೆ ತಕ್ಕಂತೆ ಹೊಂದಿಸಿದರೆ ಮಾತುಕತೆ ಶುರು; ಬಾಡ್ ರೇಟ್ ತಪ್ಪಿದರೆ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಅಲ್ಲಿಗೇ ಕೆಲಸ ಮುಗಿಯಿತೆಂದು ಏಳುವುದೇ ತಪ್ಪು. ಇಂಥ ಹಳೆ ಯಂತ್ರಗಳು ಸಾಮಾನ್ಯವಾಗಿ ಯಾರ ಗುರುತನ್ನೂ ಕೇಳುವುದಿಲ್ಲ. ತಂತಿ ಹಿಡಿದವನೇ ಒಡೆಯ. ‘ನಮ್ಮದು ಒಳಜಾಲ, ಯಾರು ಬರುತ್ತಾರೆ?’ ಎನ್ನಬಹುದು. 2015ರ ಡಿಸೆಂಬರಿನಲ್ಲಿ ಉಕ್ರೇನಿನ ವಿದ್ಯುತ್ ಕಂಪನಿಗಳ ಒಳಜಾಲಕ್ಕೇ ನುಸುಳಿದವರು ಉಪಕೇಂದ್ರಗಳ ಇಂಥದೇ ಪೆಟ್ಟಿಗೆಗಳ ಫರ್ಮ್‌ವೇರ್ ಕೆಡಿಸಿದರು; ಸಿಬ್ಬಂದಿ ಸ್ಥಳಕ್ಕೇ ಹೋಗಿ ಕೈಯಾರೆ ಸ್ವಿಚ್ ಹಾಕಬೇಕಾಯಿತು. ಹಾಗಾಗಿ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸುವುದು, ಬೇಕಾದ ಕಂಪ್ಯೂಟರಿಗಷ್ಟೇ ಪ್ರವೇಶ ಕೊಡುವುದು ಬಾಡ್ ರೇಟಿಗಿಂತ ಮೊದಲು ಆಗಬೇಕು.