ಬೆನ್ನೇರುವ ಚಾಳಿ: ನಾಯಿಯ ತಪ್ಪೂ ಅಲ್ಲ, ವೈದ್ಯನ ತಪ್ಪೂ ಅಲ್ಲ

ಕಿವಿಯ ತುದಿಯಲ್ಲಿ ಕಚ್ಚುಳ್ಳ ಬೀದಿನಾಯಿಯೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಹುಚ್ಚುನಾಯಿ ರೋಗದ ಲಸಿಕೆ ಪಡೆದ ನಾಯಿಯೆಂಬುದು ಚೆನ್ನೈಯಲ್ಲಿ ಬಾಳುವ ನಮ್ಮಲ್ಲಿ ಬಹುಮಂದಿಗೆ ತಿಳಿದಿದೆ. ಅಂತಹ ನಾಯಿಯೊಂದು ಹೋಟೆಲಿನ ಹಿಂದಣ ಓಣಿಯಲ್ಲಿ, ಎಂಜಲೆಲೆಯ ತೊಟ್ಟಿಯ ಬಳಿ, ಹಾಡುಹಗಲೇ ಮತ್ತೊಂದರ ಬೆನ್ನೇರಿದಾಗ ಕಂಡವರು ನಗುವುದುಂಟು, ಕಲ್ಲೆಸೆಯುವುದುಂಟು. ವಿಷಯ ಅಷ್ಟಕ್ಕೇ ನಿಂತಿದ್ದರೆ ನಾವು ಲೇಖನಿ ಎತ್ತಬೇಕಾಗಿರಲಿಲ್ಲ. “ಚಿಕಿತ್ಸೆಯೆಲ್ಲ ಬರಿಯ ಕಣ್ಕಟ್ಟು, ಕಿವಿ ಕತ್ತರಿಸಿ ಲೆಕ್ಕ ಬರೆದುಕೊಂಡಿದ್ದಾರೆ, ಇವನ್ನು ಎಲ್ಲಿಗಾದರೂ ಸಾಗಿಸಿಬಿಡುವುದೇ ಲೇಸು” ಎಂಬ ಮಾತು ಅಲ್ಲಿಂದಲೇ ಹುಟ್ಟುತ್ತದೆ. ಈ ಮಾತು ತಪ್ಪಷ್ಟೇ ಅಲ್ಲ. ರಾತ್ರಿ ಕೆಲಸ ಮುಗಿಸಿ ತಿರುವಲ್ಲಿಕೇಣಿಯ ಮ್ಯಾನ್ಷನ್ನುಗಳಿಗೆ ಕಾಲ್ನಡೆಯಲ್ಲಿ ಮರಳುವ ನಮ್ಮವರಿಗೆ ಅಪಾಯಕರವೂ ಹೌದು.

ಈ ಚಿಕಿತ್ಸೆಯಲ್ಲಿ ಗಂಡುನಾಯಿಯ ವೃಷಣಗಳನ್ನೂ ಹೆಣ್ಣುನಾಯಿಯ ಅಂಡಾಶಯ ಗರ್ಭಕೋಶಗಳನ್ನೂ ತೆಗೆದುಹಾಕುತ್ತಾರೆ. ಅದರಿಂದ ಮರಿಯಾಗುವ ದಾರಿ ಮುಚ್ಚುತ್ತದೆ. ಆದರೆ ಬೆನ್ನೇರುವ ವರ್ತನೆಯ ನೆಲೆ ಮೆದುಳು. ವೈದ್ಯನ ಕತ್ತಿ ಅಲ್ಲಿಗೆ ಮುಟ್ಟುವುದಿಲ್ಲ. ವೃಷಣಗಳಿಂದ ಹೊರಡುವ ಹಾರ್ಮೋನು ಚಿಕಿತ್ಸೆಯಾದ ಕೆಲವೇ ದಿನಗಳಲ್ಲಿ ರಕ್ತದಿಂದ ಇಳಿದುಹೋದರೂ, ಎಳೆಯದರಲ್ಲೇ ಅದು ಮೆದುಳನ್ನು ತಿದ್ದಿಟ್ಟಿರುತ್ತದೆ. ಅದರ ಮೇಲೆ ವರ್ಷಗಳ ಅಭ್ಯಾಸವೂ ಸೇರಿರುತ್ತದೆ. ಅಮೆರಿಕದ ಬರ್ಕಲಿಯಲ್ಲಿದ್ದ ಫ್ರಾಂಕ್ ಬೀಚ್ ಎಂಬ ವಿದ್ವಾಂಸರು, ವೃಷಣ ತೆಗೆದ ಗಂಡುನಾಯಿಗಳು ಬಹುಕಾಲದ ತರುವಾಯವೂ ಹೆಣ್ಣನ್ನು ಏರುತ್ತಿದ್ದುದನ್ನು 1970ರಲ್ಲಿ ಪ್ರಕಟಿಸಿದರು. 1976ರಲ್ಲಿ ಕ್ಯಾಲಿಫೋರ್ನಿಯದ ಪಶುವೈದ್ಯರು ಕಂಡಂತೆ, ಬೆಳೆದ ಮೇಲೆ ಚಿಕಿತ್ಸೆಯಾದ ನಾಯಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಈ ಚಾಳಿಯನ್ನು ತಗ್ಗಿಸಿದುವು, ಉಳಿದುವು ತಗ್ಗಿಸಲಿಲ್ಲ.

ಊರಿನಲ್ಲಿ ದನ ಕಾದು ಬಂದವರಿಗೆ ಇಷ್ಟು ದೂರದ ಸಾಕ್ಷಿ ಬೇಕಾಗಿಲ್ಲ. ಬೆದೆಗೆ ಬಂದ ಹಸು ಇನ್ನೊಂದು ಹಸುವಿನ ಮೇಲೆ ಹಾರುವುದನ್ನೂ, ಬೀಜ ಒಡೆದ ಎತ್ತು ಹಸುವಿನ ಬೆನ್ನಿಗೆ ಮುಂಗಾಲಿಡುವುದನ್ನೂ ಅವರು ಕಂಡವರೇ. ಎತ್ತು ಹೀಗೆ ಮಾಡಿತೆಂದು ಬೀಜ ಒಡೆದವನನ್ನು ಯಾರೂ ಮೋಸಗಾರನೆಂದು ಕರೆಯಲಿಲ್ಲ. ನಾಯಿಯ ಪಾಲಿಗೆ ಮಾತ್ರ ಈ ವಿವೇಕ ನಮಗೇಕೆ ತಪ್ಪುತ್ತದೆಯೋ!

ಅಷ್ಟೇ ಅಲ್ಲದೆ, ಬೆನ್ನೇರುವುದೆಲ್ಲ ಕಾಮವೂ ಅಲ್ಲ. ಕೆಲವೇ ವಾರಗಳ ಮರಿಗಳು, ಹೆಣ್ಣುಮರಿಗಳೂ ಸಹ, ಆಟದಲ್ಲಿ ಒಂದರ ಮೇಲೊಂದು ಏರುತ್ತವೆ. ಅನ್ನ ಹಾಕುವವರು ಬಂದ ಸಂಭ್ರಮ, ಹೊಸ ನಾಯಿ ಕಂಡ ಕಳವಳ, ಮನೆಗೆ ಅತಿಥಿ ಬಂದ ಗದ್ದಲ, ಇವು ಯಾವುವಾದರೂ ನಾಯಿಯನ್ನು ಕೆರಳಿಸಬಹುದು. ಆ ಉದ್ರೇಕ ಈ ರೂಪದಲ್ಲಿ ಹೊರಬೀಳುತ್ತದೆ. ಯಜಮಾನಿಕೆ ತೋರಿಸಲೆಂದೇ ನಾಯಿ ಹೀಗೆ ಮಾಡುತ್ತದೆಂದು ಹೇಳುವವರಿದ್ದಾರೆ. ಆ ಮಾತನ್ನು ಎಲ್ಲ ಕಡೆಗೂ ಅನ್ವಯಿಸುವುದು ಅತಿಯಾಯಿತೆಂದೇ ನಮ್ಮ ಅಭಿಪ್ರಾಯ.

ಈ ನಗರದ ಹಿಂದಣ ಕಥೆಯನ್ನು ಬಲ್ಲವರು ಕಿವಿಯ ಕಚ್ಚನ್ನು ಹಗುರವಾಗಿ ಕಾಣಲಾರರು. ಹಿಂದೆ ಮದ್ರಾಸಿನ ಕಾರ್ಪೊರೇಷನ್ನು ಬೀದಿನಾಯಿಗಳನ್ನು ಹಿಡಿಹಿಡಿದು ಕೊಲ್ಲಿಸುತ್ತಿತ್ತು. ಹಾಗಿದ್ದೂ ನಾಯಿಗಳು ಮುಗಿಯಲಿಲ್ಲ, ರೋಗವೂ ತೊಲಗಲಿಲ್ಲ. ಕ್ಯಾಪ್ಟನ್ ವಿ. ಸುಂದರಂ ಅವರು 1959ರಲ್ಲಿ ಸ್ಥಾಪಿಸಿದ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ಸಂತಾನಹರಣದ ಮಾರ್ಗವನ್ನು ಹಿಡಿಯಿತು. ಕಾರ್ಪೊರೇಷನ್ನು ಅದನ್ನು ಒಪ್ಪಿ ನಡೆಸತೊಡಗಿದ್ದು 1996ರಲ್ಲಿ, ಅಂದರೆ ಮೂವತ್ತೆರಡು ವರ್ಷಗಳ ಮೇಲೆ. 2001ರಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮಗಳನ್ನು ಮಾಡಿತು. 2023ರಲ್ಲಿ ಅವು ಹೊಸದಾಗಿ ಬಂದುವು. ಚಿಕಿತ್ಸೆ, ಲಸಿಕೆಗಳಾದ ನಾಯಿಯನ್ನು ಹಿಡಿದ ಜಾಗಕ್ಕೇ ಮರಳಿ ಬಿಡತಕ್ಕದ್ದೆಂಬುದು ಅವುಗಳ ತಿರುಳು. ಅದಕ್ಕೆ ಕಾರಣವುಂಟು. ಲಸಿಕೆಯಾದ ನಾಯಿಯನ್ನು ಓಡಿಸಿದರೆ ಎಂಜಲೆಲೆಯ ತೊಟ್ಟಿ ಬರಿದಾಗಿ ಉಳಿಯುವುದಿಲ್ಲ. ಲಸಿಕೆಯಿಲ್ಲದ ಬೇರೊಂದು ನಾಯಿ ಅಲ್ಲಿಗೆ ಬರುತ್ತದೆ. ಹುಚ್ಚುನಾಯಿ ರೋಗದ ಲಕ್ಷಣಗಳು ಮನುಷ್ಯನಲ್ಲಿ ಒಮ್ಮೆ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಂತ ವಿರಳ.

ಹಾಗೆಂದು ಚಿಕಿತ್ಸೆ ಎಂದೂ ಕೆಡುವುದಿಲ್ಲವೆಂದು ನಾವು ಹೇಳುವುದಿಲ್ಲ. ಅಂಡಾಶಯದ ಚೂರು ಒಳಗೆ ಉಳಿದಿದ್ದರೆ ಹೆಣ್ಣುನಾಯಿ ಮತ್ತೆ ಬೆದೆಗೆ ಬಂದು, ಗಂಡುಗಳು ಹಿಂಡಾಗಿ ಬೆನ್ನು ಹತ್ತುತ್ತವೆ. ಅದು ತೋರಿಸಬೇಕಾದ ಸಂಗತಿ. ಗಂಡಿನ ವಿಷಯದಲ್ಲಿ, ಚಿಕಿತ್ಸೆಗೆ ಮುನ್ನ ನಾಳದಲ್ಲಿ ಉಳಿದ ವೀರ್ಯದಿಂದ ಕೆಲವು ವಾರ ಗರ್ಭ ನಿಲ್ಲುವ ಸಂಭವವುಂಟು. ಮನೆಯಲ್ಲಿ ಸಾಕಿದ್ದನ್ನು ಒಂದು ತಿಂಗಳಾದರೂ ಹೆಣ್ಣುನಾಯಿಯಿಂದ ದೂರವಿಡುವುದು ಮೇಲು.

ಸಾಕಿದ ನಾಯಿ ಬೆಕ್ಕನ್ನೋ ಅತಿಥಿಯ ಕಾಲನ್ನೋ ಏರಿದರೆ ಬಡಿಯಬಾರದು. ಪೆಟ್ಟಿನಿಂದ ಕಳವಳ ಹೆಚ್ಚುತ್ತದೆ, ಅದರಿಂದ ಚಾಳಿಯೂ ಹೆಚ್ಚುತ್ತದೆ. ಹೆಸರು ಹಿಡಿದು ಕರೆದು, ಬೇರೆಡೆಗೆ ಒಯ್ದು, ಒಂದು ಚೆಂಡನ್ನೋ ತಿಂಡಿಯ ಚೂರನ್ನೋ ಕೊಟ್ಟರೆ ಸಾಕು. ಇಲ್ಲದ ಚಾಳಿ ಹಠಾತ್ತಾಗಿ ಆರಂಭವಾಗಿ, ನಾಯಿ ಗುಹ್ಯಭಾಗವನ್ನು ಪದೇ ಪದೇ ನೆಕ್ಕುತ್ತಲೋ ಹನಿಹನಿಯಾಗಿ ಮೂತ್ರ ಮಾಡುತ್ತಲೋ ಇದ್ದರೆ, ಮೂತ್ರಮಾರ್ಗದ ಸೋಂಕು ಅಥವಾ ಚರ್ಮದ ನವೆ ಕಾರಣವಿರಬಹುದು. ಆಗ ಪಶುವೈದ್ಯರಿಗೆ ತೋರಿಸಬೇಕು. 1903ರಲ್ಲಿ ಸೈದಾಪೇಟೆಯಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜು ಈಗ ವೇಪೇರಿಯಲ್ಲಿದೆ; ಅಲ್ಲಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಾಯಿಗೆ ಹಗ್ಗವನ್ನೂ ಬಾಯಿಕಟ್ಟನ್ನೂ ಹಾಕಿಕೊಂಡು ಹೋಗುವುದು ಅನುಕೂಲ.