ಅರೆತಲೆನೋವು: ಪ್ರಚೋದಕದ ಪತ್ತೆ ಹೇಗೆ?

ಕಾಖಂಡಕಿಯಲ್ಲಿ ಕಾರಹುಣ್ಣಿಮೆಯ ಕರಿ ನೋಡಿದವರಿಗೆ ಆ ಗದ್ದಲ ಗೊತ್ತು. ಬಿಸಿಲು, ದೂಳು, ಓಡುವ ಎತ್ತುಗಳು, ಜನರ ಕೇಕೆ. ಮಧ್ಯಾಹ್ನದ ಊಟದ ಹೊತ್ತು ಮೀರಿರುತ್ತದೆ. ಅಂದು ಸಂಜೆ ತಲೆಯ ಒಂದು ಪಕ್ಕ ಸಿಡಿಯತೊಡಗಿದರೆ ಯಾವುದನ್ನು ದೂರಬೇಕು? “ನಿನ್ನೆ ಬದನಿಕಾಯಿ ತಿಂದಿದ್ದಿಯಲ್ಲ, ಅದರದ್ದೇ” ಎನ್ನುತ್ತಿದ್ದರು ನಮ್ಮ ಮನೆಯ ಹಿರಿಯರು. ಅದನ್ನು ನಂಬಿ ನಾನು ಹಲವು ವರ್ಷ ಬದನೆಕಾಯಿ ಬಿಟ್ಟೆ. ತಲೆನೋವು ಮಾತ್ರ ನನ್ನನ್ನು ಬಿಡಲಿಲ್ಲ.

ಅರೆತಲೆನೋವು, ಅಂದರೆ ಮೈಗ್ರೇನ್, ಅಪರೂಪದ ಕಾಯಿಲೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳ 18ರಿಂದ 65 ವರ್ಷದ 2,329 ಜನರ ಸಮೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಒಂದು ವರ್ಷದ ಅವಧಿಯಲ್ಲಿ ಶೇ. 25ರಷ್ಟು ಜನರನ್ನು ಮೈಗ್ರೇನ್ ಕಾಡಿತ್ತು. ಮಹಿಳೆಯರಲ್ಲಿ ಇದು ಹೆಚ್ಚು. ನಿಮ್ಮ ತರಗತಿಯಲ್ಲೂ ಇಂಥ ಮಕ್ಕಳಿರಬಹುದು. ಅವರದು ಪಾಠ ತಪ್ಪಿಸುವ ನೆಪವಲ್ಲ.

ಮಿದುಳಿನಲ್ಲಿ ಒಂದು ಅಲೆ

ಕೆಲವರಿಗೆ ನೋವಿಗೆ ಮೊದಲು ಕಣ್ಣೆದುರು ಮಿನುಗುವ ಅಂಕುಡೊಂಕು ಗೆರೆಗಳು ಕಾಣಿಸುತ್ತವೆ. 1941ರಲ್ಲಿ ಕಾರ್ಲ್ ಲ್ಯಾಶ್ಲಿ ತನಗೇ ಕಂಡ ಗೆರೆಗಳ ಚಲನೆಯನ್ನು ಗುರುತಿಸಿಕೊಂಡು, ಮಿದುಳಿನ ಹೊರಪದರದಲ್ಲಿ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿ.ಮೀ. ವೇಗದಲ್ಲಿ ಸರಿಯುತ್ತಿದೆ ಎಂದು ಲೆಕ್ಕ ಹಾಕಿದರು. 1944ರಲ್ಲಿ ಲಿಯಾವ್ ಎಂಬ ವಿಜ್ಞಾನಿ ಮೊಲದ ಮಿದುಳಿನಲ್ಲಿ ಅಷ್ಟೇ ನಿಧಾನವಾಗಿ ಹರಡುವ ವಿದ್ಯುತ್ ಸ್ತಬ್ಧತೆಯ ಅಲೆಯನ್ನು ವರದಿ ಮಾಡಿದರು. ನೋವಿನ ಹಂತದಲ್ಲಿ ಮುಖದ ಸಂವೇದನೆಯ ನರ ಕೆರಳಿ, ಸಿ.ಜಿ.ಆರ್.ಪಿ. ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ.

ಇಂಥ ಮಿದುಳು ಬದಲಾವಣೆಗೆ ಬೇಗ ಕೆರಳುತ್ತದೆ. ಹೊತ್ತು ಮೀರಿದ ಊಟ, ಉಪವಾಸ, ನಿದ್ರೆಯ ಏರುಪೇರು, ಮಾನಸಿಕ ಒತ್ತಡ, ಋತುಚಕ್ರ, ಪ್ರಖರ ಬಿಸಿಲು ಇವು ಸಾಮಾನ್ಯ ಪ್ರಚೋದಕಗಳು. ತಲೆಸ್ನಾನದಿಂದ ನೋವು ಬರುವ 94 ಭಾರತೀಯ ರೋಗಿಗಳ ವಿವರ 2006ರಲ್ಲಿ ಪ್ರಕಟವಾಗಿದೆ. ಒಂದೊಂದಾಗಿ ಬಂದಾಗ ಸುಮ್ಮನಿರುವ ಪ್ರಚೋದಕಗಳು ಒಟ್ಟಿಗೆ ಬಂದಾಗ ಮಿತಿ ದಾಟಿಸಬಹುದು.

ಕಾರಣವೋ, ಮುನ್ಸೂಚನೆಯೋ?

ನೋವಿಗೆ ಹಲವು ಗಂಟೆ ಮೊದಲೇ, ಕೆಲವೊಮ್ಮೆ ಒಂದೆರಡು ದಿನ ಮೊದಲೇ, ದಾಳಿ ಆರಂಭವಾಗಿರುತ್ತದೆ. ಆಗ ಆಕಳಿಕೆ, ಕತ್ತು ಬಿಗಿತ, ಸಿಹಿ ತಿನ್ನುವ ಆಸೆ ಮೂಡಬಹುದು. ತಿಂದ ಸಿಹಿಯಿಂದಲೇ ನೋವು ಬಂತೆಂದು ನಾವು ತಿಳಿಯುತ್ತೇವೆ! 2013ರ ಒಂದು ಪ್ರಯೋಗದಲ್ಲಿ, ತೀವ್ರ ಬೆಳಕು ಅಥವಾ ವ್ಯಾಯಾಮವೇ ತಮ್ಮ ಪ್ರಚೋದಕವೆಂದಿದ್ದ 27 ಜನರನ್ನು ಅವಕ್ಕೇ ಒಡ್ಡಲಾಯಿತು. ಮೈಗ್ರೇನ್ ಬಂದದ್ದು 6 ಜನರಿಗೆ ಮಾತ್ರ.

ಹಾಗಾದರೆ ಪತ್ತೆ ಹೇಗೆ? ದಿನಚರಿ ಬರೆಯಿರಿ. ನೋವು ಬಂದ ದಿನದಂತೆ ಬಾರದ ದಿನವನ್ನೂ ಬರೆಯಬೇಕು. ಗುಟ್ಟು ಇರುವುದು ಇಲ್ಲಿಯೇ. ಎದ್ದ, ಮಲಗಿದ, ಉಂಡ ಹೊತ್ತು, ಬಿಸಿಲು, ತಲೆಸ್ನಾನ, ಮುಟ್ಟಿನ ದಿನ, ನುಂಗಿದ ಮಾತ್ರೆ ಇಷ್ಟು ಸಾಕು.

ಉದಾಹರಣೆಗೆ, 60 ದಿನಗಳಲ್ಲಿ 8 ಬಾರಿ ನೋವು ಬಂತು ಎನ್ನಿ. ಬದನೆಕಾಯಿ ತಿಂದ 30 ದಿನಗಳಲ್ಲಿ 4, ತಿನ್ನದ 30 ದಿನಗಳಲ್ಲಿಯೂ 4 ಬಾರಿ. ಬದನೆಕಾಯಿಯ ಮೇಲಿನ ಆರೋಪ ನಿಲ್ಲದು. ಊಟ ತಡವಾದ 20 ದಿನಗಳಲ್ಲಿ 6, ಹೊತ್ತಿಗೆ ಸರಿಯಾಗಿ ಉಂಡ 40 ದಿನಗಳಲ್ಲಿ 2 ಬಾರಿ. ಅಂದರೆ ಶೇ. 30 ಮತ್ತು ಶೇ. 5. ಇಲ್ಲಿ ಅನುಮಾನಕ್ಕೆ ಆಧಾರವಿದೆ. ಆದರೂ ಸಂಖ್ಯೆ ಚಿಕ್ಕದು. ಇದು ಕಾಕತಾಳೀಯವೂ ಆಗಿರಬಹುದು. ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದನ್ನು ಮಾತ್ರ ಬದಲಿಸಿ: ಮುಂದಿನ ಎರಡು ತಿಂಗಳು ಹೊತ್ತಿಗೆ ಸರಿಯಾಗಿ ಉಂಡು ನೋಡಿ.

ಹತೋಟಿಯ ದಾರಿ

ಋತುಚಕ್ರವನ್ನಾಗಲಿ ವಿಜಯಪುರದ ಬೇಸಿಗೆಯನ್ನಾಗಲಿ ತಪ್ಪಿಸಲಾಗದು. ಆದರೆ ಅಂಥ ದಿನಗಳಲ್ಲಿ ನಿದ್ರೆ, ಊಟ, ನೀರು ತಪ್ಪದಂತೆ ನೋಡಿಕೊಳ್ಳಬಹುದು. ಬಿಸಿಲಿಗೆ ಟೊಪ್ಪಿಗೆ ಹಾಕಬಹುದು. ತಿನಿಸುಗಳನ್ನೆಲ್ಲ ಬಿಡುತ್ತ ಹೋಗಬೇಡಿ. ಸಾಮಾನ್ಯ ನೋವುಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರಬಹುದು. ನೋವು ಪದೇ ಪದೇ ಬರುತ್ತಿದ್ದರೆ ದಿನಚರಿಯೊಡನೆ ವೈದ್ಯರನ್ನು ಕಾಣಿರಿ; ತಡೆಗಟ್ಟುವ ಔಷಧಗಳಿವೆ.

ಹಠಾತ್ತನೆ ಸಿಡಿಲಿನಂತೆ ಎರಗುವ ನೋವು, ಜ್ವರದೊಡನೆ ಕತ್ತು ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು ಇವು ಕಂಡರೆ ದಿನಚರಿ ಬರೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿರಿ. ಐವತ್ತರ ನಂತರ ಮೊದಲ ಬಾರಿಗೆ ಶುರುವಾದ ತಲೆನೋವನ್ನೂ ವೈದ್ಯರಿಗೆ ತೋರಿಸಲು ತಡಮಾಡಬೇಡಿ.

ನನ್ನ ದಿನಚರಿಯಲ್ಲಿ ಸಿಕ್ಕಿಬಿದ್ದದ್ದು ತಡವಾದ ಊಟ ಮತ್ತು ಕೆಟ್ಟ ನಿದ್ರೆ. ಬದನೆಕಾಯಿ ಎಣ್ಣೆಗಾಯಿ ಈಗ ನನ್ನ ತಟ್ಟೆಗೆ ಮರಳಿದೆ.